ಕ್ವಾರಿಯ ಸುದ್ದಿ ತಪ್ಪೆಂದು ಹೇಳಿಬಿಡಿ

ಬೆಳಗಿನ ಜಾವ ಮೂರು ಗಂಟೆ. ನಮ್ಮ ಹೊಸ ಪಂಚಾಂಗದಂತೆ ಫಾಲ್ಗುಣದ ಮೂವತ್ತೆರಡನೆಯ ದಿನ, ಇಸವಿ ೨೨೧೭. ಗೋಡೆ ಕೆಮ್ಮಿದ ಸದ್ದಿಗೆ ಎಚ್ಚರವಾಯಿತು.

ನಂಜಮಣಿ ಅಜ್ಜಿಯವರಿಗೆ ನಮಸ್ಕಾರ. ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಆದರೆ ಈ ಕಾಗದ ಕೈಸೇರುವಾಗ ನಿಮಗೂ ನನ್ನದೇ ವಯಸ್ಸು, ಮಡಿಲಲ್ಲಿ ಹಸುಗೂಸು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮಲ್ಲಿ ಪತ್ರಿಕೆಯಿಲ್ಲ, ಗೋಡೆಸುದ್ದಿ ಇದೆ. ಆಯಾ ಮನೆಯವರು ನಂಬುವ ದನಿಯಲ್ಲಿ, ಅವರಿಗೆ ಹಿಡಿಸುವ ಸುದ್ದಿಯನ್ನು ಗೋಡೆಯೇ ಹೇಳುತ್ತದೆ. ಹೇಳುವ ಮುನ್ನ ಒಮ್ಮೆ ಕೆಮ್ಮುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ತೀರಿಹೋದ ನನ್ನ ಅಮ್ಮನ ದನಿ. “ಬೋರಿನ ನೀರು ಚೆನ್ನಾಗೈತೆ, ಮಗೂಗೆ ಕುಡ್ಸವ್ವ” ಎಂದಿತು. ಪಕ್ಕದ ಮನೆ ರುಕ್ಸಾನಕ್ಕನ ಗೋಡೆ ಅದೇ ನೀರನ್ನು ವಿಷ ಎಂದಿತಂತೆ. ಯಾರು ಪರೀಕ್ಷಿಸಿದರು, ಯಾರು ಬರೆದರು ಎಂದು ಕೇಳಿದರೆ ಎರಡು ಗೋಡೆಗಳೂ ಲಾಲಿ ಹಾಡುತ್ತವೆ. “ಹೆತ್ತವಳ ಮಾತೇ ನಂಬಲ್ಲ, ಇನ್ಯಾರ್ನ ನಂಬ್ತೀಯೆ ನೀನು?” ಎಂದು ಅತ್ತೆ ಚುಚ್ಚುತ್ತಾರೆ. ನನ್ನ ಹೊನ್ನಿಗೆ ಎಂಟು ತಿಂಗಳು. ಮೊನ್ನೆಯಿಂದ ಕುಡಿದದ್ದೆಲ್ಲ ಕಕ್ಕುತ್ತಿದ್ದಾಳೆ.

ನೀವು ಟ್ರಂಕಿನ ತಳಕ್ಕೆ ಹಾಸಿದ್ದ ಪತ್ರಿಕೆಯ ಹಾಳೆ ಈಗ ನನ್ನ ಬಳಿಯಿದೆ. ಅದರ ಮೂಲೆಯಲ್ಲಿ, ‘ನಿಧನರಾದರೆಂದು ನಿನ್ನೆ ಪ್ರಕಟವಾಗಿದ್ದ ಮೇಷ್ಟರು ಕ್ಷೇಮವಾಗಿದ್ದಾರೆ, ತಪ್ಪಿಗೆ ವಿಷಾದಿಸುತ್ತೇವೆ’ ಎಂದಿದೆ. ಕೆಳಗೆ ಸಂಪಾದಕರ ಹೆಸರು, ಫೋನ್ ನಂಬರು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ಅಜ್ಜಿ. ನಿಮ್ಮ ಒಡವೆ, ನಿಮ್ಮ ತುಂಬಿದ ಹೊಳೆ, ಯಾವುದರ ಮೇಲೂ ನನಗೆ ಇಷ್ಟು ಕರುಬಿಲ್ಲ. ಸುದ್ದಿ ತಪ್ಪಿದರೆ ಬೈಯಲು ನಿಮಗೊಬ್ಬ ಮನುಷ್ಯನಿದ್ದ. ಮರುದಿನ ಅವನು ತಲೆತಗ್ಗಿಸಿ ಅಚ್ಚು ಹಾಕುತ್ತಿದ್ದ. ಅಂಥ ಭಾಗ್ಯದ ಮೇಲೆ ನೀವು ಸೀರೆ ಮಡಿಸಿಟ್ಟಿರಿ.

ಅದೇ ಹಾಳೆಯಲ್ಲಿ, ನಿಮ್ಮೂರಿನ ಕ್ವಾರಿ ಗುಂಡಿಗೆ ಕೆರೆಮಣ್ಣು ತುಂಬಿದರೆಂಬ ಸುದ್ದಿಯೂ ಇದೆ. ತುಂಬಿದ್ದು ಮಣ್ಣಲ್ಲ. ಲಾರಿಗಳು ಡ್ರಮ್ಮುಗಟ್ಟಲೆ ಕಾರ್ಖಾನೆಯ ಕೊಳೆ ಸುರಿದದ್ದನ್ನು ನೀವು ಹಿತ್ತಿಲಿನಿಂದ ಕಂಡಿರಿ. “ನಂಗ್ಯಾಕೆ ಊರ ಉಸಾಬರಿ” ಅಂದುಕೊಂಡು ಸುಮ್ಮನಾದೆ ಎಂದು ಮುಪ್ಪಿನಲ್ಲಿ ಮಗಳಿಗೆ ಹೇಳಿದಿರಂತೆ. ಮಾತು ತಾಯಿಯಿಂದ ಮಗಳಿಗೆ ದಾಟಿ ನನ್ನವರೆಗೂ ಬಂತು. ಯಾರೂ ತಿದ್ದದ ಆ ಸುದ್ದಿಯನ್ನು ನಂಬಿ ಗುಂಡಿಯ ಮೇಲೆ ಬಡಾವಣೆ ಕಟ್ಟಿದರು. ನಮ್ಮ ಬೋರು ಇರುವುದು ಅಲ್ಲೇ. ಬೇರೆ ನೀರು ನಮಗಿಲ್ಲ.

ಆ ಪತ್ರಿಕೆ ನಿಮ್ಮ ಮನೆಗೆ ಬಂದ ದಿನಕ್ಕೇ, ಹಿಂದಿನ ಕಾಲಕ್ಕೆ ಹೋಗುವ ನಮ್ಮ ಅಂಚೆಯಲ್ಲಿ, ಈ ಕಾಗದ ಕಳಿಸುತ್ತಿದ್ದೇನೆ. ಕೂಸು ಅತ್ತರೆ ಸ್ವಲ್ಪ ಅಳಲಿ. ಹಾಳೆಯ ಕೆಳಗಿರುವ ನಂಬರಿಗೆ ನಾಳೆ ಬೆಳಗಾಗುವುದರೊಳಗೆ ಒಂದು ಫೋನು ಮಾಡಿ ಅಜ್ಜಿ, ದಮ್ಮಯ್ಯ. ನಿಮ್ಮ ಕಾಲದಲ್ಲಿ ಯಾರಾದರೂ ಎತ್ತುತ್ತಾರೆ.