ಕಾರಣ ಕೇಳಿದ ಪರದೆ

ಕೊಯಮತ್ತೂರು
14 ಜೂನ್ 2008, ಶನಿವಾರ

ಪ್ರೀತಿಯ ಭೂಮಿ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ನೀನು ಮಲಗಿದ ಕೂಡಲೇ ಮಗು ಒದೆಯಲು ಶುರುಮಾಡುವುದು ಹಾಗೆಯೇ ಇದೆಯೇ? ಅತ್ತೆ ಮಾಡಿಕೊಟ್ಟದ್ದನ್ನು ಮುಖ ಸಿಂಡರಿಸದೆ ತಿನ್ನು. ನಾನು ಚೆನ್ನಾಗಿದ್ದೇನೆ. ಕೆಳಗಿನ ಮನೆಯ ಕಾಮಾಕ್ಷಿಯಮ್ಮ ದಿನವೂ ಸಾಂಬಾರು ಕೊಡುತ್ತಾರೆ. ನಿನ್ನ ಆರೋಗ್ಯ ವಿಚಾರಿಸದೆ ಪಾತ್ರೆ ಮಾತ್ರ ಕೈಬಿಡುವುದಿಲ್ಲ. ಫೋನು ಮಾಡಿದರೆ ಅರಸೀಕೆರೆಯ ನಿನ್ನ ತವರಿನ ಹಜಾರದಲ್ಲಿ ಕೂತವರೆಲ್ಲ ಕಿವಿಗೊಡುತ್ತಾರೆ, ಅದಕ್ಕೇ ಈ ಕಾಗದ.

ನಮ್ಮ ವಿಶ್ವವಿದ್ಯಾಲಯ ನಿನ್ನೆ ಕೊನೆಗೂ ಹೊಸ ವ್ಯವಸ್ಥೆಗೆ ಹೊರಳಿತು! ಇನ್ನು ಪಠ್ಯಕ್ರಮದ ಫೈಲು ಹೊತ್ತುಕೊಂಡು ವಿಭಾಗದಿಂದ ಮಂಡಳಿಗೆ, ಮಂಡಳಿಯಿಂದ ಕುಲಸಚಿವರ ಕಚೇರಿಗೆ ಅಲೆಯಬೇಕಾಗಿಲ್ಲ. ಯಾವ ವಿಷಯ ಯಾರ ಬಳಿ ನಿಂತಿದೆ, ಯಾಕೆ ನಿಂತಿದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಎಲ್ಲರಿಗೂ ಕಾಣುತ್ತದೆ. ಕುಲಸಚಿವರ ಕಚೇರಿಯ ಕಲೈಸೆಲ್ವಿ ತಿಂಗಳುಗಟ್ಟಲೆ ನಮಗೆಲ್ಲ ಇದನ್ನು ಕಲಿಸಿದ್ದಾರೆ. ಹಿರಿಯ ಪ್ರಾಧ್ಯಾಪಕರು ಮೌಸನ್ನು ಜಿರಳೆ ಹಿಡಿದಂತೆ ಹಿಡಿಯುತ್ತಿದ್ದರು. ನೀನಿದ್ದಿದ್ದರೆ ನಗು ತಡೆಯಲು ಹೊರಗೆ ಓಡಬೇಕಾಗುತ್ತಿತ್ತು.

ನಿನ್ನೆ ನಮ್ಮ ಜವಳಿ ವಿಭಾಗದ ಅಧ್ಯಯನ ಮಂಡಳಿಯ ಸರದಿ. ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದೇ ವಿಷಯ ಬರುತ್ತಿತ್ತು. ಹಠಾತ್ತನೆ ನಿನ್ನದು ಬಂತು: ‘ಬಣ್ಣದ ನೀರಿನ ಶುದ್ಧೀಕರಣ’. ನೀನು ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಷ್ಟು ಕಾಲವೂ ಮಂಡಳಿಯ ಬಾಗಿಲು ತಟ್ಟುತ್ತಿದ್ದ, ನಿನ್ನ ಕೆಲಸ ಮುಗಿದ ಮೇಲೂ ಅಲ್ಲೇ ಉಳಿದ ನಿನ್ನ ಐಚ್ಛಿಕ ವಿಷಯ. ವಿಭಾಗದ ಮುಖ್ಯಸ್ಥ ರಾಮಸಾಮಿಯವರು ಎಂದಿನಂತೆ, “ಅಡುತ್ತ ಮೀಟಿಂಗ್‌ಲ ಪಾಕ್ಕಲಾಂ” ಎಂದರು. ಮುಂದಿನ ಸಭೆಯಲ್ಲಿ ನೋಡೋಣ! ಈ ಮಾತು ಕೇಳಿ ನೀನು ಮನೆಗೆ ಬಂದು ಊಟ ಬಿಟ್ಟ ಸಂಜೆಗಳು ನೆನಪಾದವು. ಆದರೆ ಕಲೈಸೆಲ್ವಿ ‘ವಾಪಸ್’ ಒತ್ತಿದಾಗ ಪರದೆಯ ಮೇಲೆ ಖಾಲಿ ಚೌಕವೊಂದು ತೆರೆದುಕೊಂಡಿತು. “ಸಾರ್, ಕಾರಣ ಬರೆಯದೆ ವಾಪಸ್ ಹೋಗಲ್ಲ. ನಿಮ್ಮ ಹೆಸರಲ್ಲೇ ಎಲ್ಲರಿಗೂ ಕಾಣುತ್ತೆ” ಎಂದರು ಅವರು, ತಮಿಳಿನಲ್ಲಿ, ಬಹಳ ಮೃದುವಾಗಿ.

ರಾಮಸಾಮಿಯವರು ಏನೋ ಟೈಪ್ ಮಾಡಿದರು, ಅಳಿಸಿದರು, ಮತ್ತೆ ಟೈಪ್ ಮಾಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, “ಮುಚ್ಚಿಡೋದು ಯಾಕೆ? ನಮ್ಮ ಹುಡುಗರಿಗೆ ಕೆಲಸ ಕೊಡೋರೇ ಬಟ್ಟೆಗೆ ಬಣ್ಣ ಹಾಕೋ ಡೈಯಿಂಗ್ ಮಿಲ್ಲಿನವರು. ನೀರು ಕೆಡಿಸ್ತೀರಿ ಅಂತ ಅವರ ಮುಂದೆ ಪಾಠ ಮಾಡಿದರೆ ನಾಳೆ ಯಾರು ಕರೀತಾರೆ?” ಎಂದುಬಿಟ್ಟರು. ಅವರು ಕೆಟ್ಟವರಲ್ಲ, ಭೂಮಿ. ಇಷ್ಟು ದಿನ ಹೆದರಿದ್ದರು, ಅಷ್ಟೇ. ನಿನ್ನ ಗಂಡನಾದ್ದರಿಂದ ಬಾಯಿ ತೆರೆಯಬಾರದೆಂದು ಕೂತಿದ್ದ ನಾನು ಎದ್ದೇ ನಿಂತೆ. ಮಂಡಳಿಯಲ್ಲಿ ಉದ್ಯಮದ ಪರವಾಗಿ ತಿರುಪ್ಪೂರಿನ ವೇಲುಸಾಮಿಯವರಿದ್ದಾರಲ್ಲ, ಸ್ವಂತ ಡೈಯಿಂಗ್ ಮಿಲ್ಲಿನವರು, ಅವರ ಕಡೆ ತಿರುಗಿ, “ನೀವೇ ಹೇಳಿ ಸಾರ್, ನಿಮಗೆ ಈ ಪಾಠ ಬೇಡವೇ?” ಎಂದು ಕೇಳಿದೆ. ಆತುರಕ್ಕೆ ಕನ್ನಡವೇ ಬಾಯಿಗೆ ಬಂದಿತ್ತು.

ತಲೆಮಾರುಗಳ ಹಿಂದೆ ತಿರುಪ್ಪೂರಿನಲ್ಲಿ ನೆಲೆಸಿದ ಕನ್ನಡ ಮನೆತನದ ಅವರು ತಮ್ಮ ಮನೆಯ ಕನ್ನಡದಲ್ಲೇ ಉತ್ತರಿಸಿದರು. “ತಂಬಿ, ನಮ್ಮ ತೋಟದ ಬಾವೀಲಿ ತಣ್ಣಿ ಕೆಂಪಗೆ ಬತ್ತದೆ. ಆ ನೀರ್ನ ಹಸು ಮೂಸಿ ನೋಡಿ ತಿರುಗಿ ಹೋಯ್ತದೆ. ನೀರು ತೊಳ್ಯೋ ಮಿಷಿನ್ ಕಾಸು ಕೊಟ್ಟು ವಾಂಗಿ ಇಟ್ಟಿವ್ನಿ, ಓಡ್ಸೋ ಆಳಿಲ್ಲ. ಈ ಪಾಠ ಓದಿದೋರ್ನ ಮೊದಲು ನನ್ನ ಮಿಲ್‌ಗೇ ಕಳಿಸಿ.” ಅದನ್ನೇ ತಮಿಳಿನಲ್ಲಿ ಎಲ್ಲರಿಗೂ ಹೇಳಿದರು. ರಾಮಸಾಮಿಯವರು ಕನ್ನಡಕ ಮತ್ತೆ ಹಾಕಿಕೊಂಡರು. ಕಲೈಸೆಲ್ವಿಯ ಕೈಯಿಂದ ಮೌಸನ್ನು ತಾವೇ ತೆಗೆದುಕೊಂಡು ‘ಒಪ್ಪಿಗೆ’ ಒತ್ತಿದರು. ಪರದೆ ಹಸಿರಾಯಿತು! ನಾನು ಕಾಲೇಜು ಹುಡುಗನಂತೆ ಮೇಜು ಬಡಿದೆ, ಯಾರೂ ಬೈಯಲಿಲ್ಲ. ಹೊರಬರುವಾಗ ರಾಮಸಾಮಿಯವರು ಹೆಗಲ ಮೇಲೆ ಕೈಯಿಟ್ಟು, “ಅವಳ ಸಿಲಬಸ್ ಚೆನ್ನಾಗೇ ಇತ್ತಪ್ಪ” ಎಂದರು. ಇಷ್ಟನ್ನು ಆಗಲೇ ಹೇಳಿದ್ದರೆ ಎಂದು ಮನಸ್ಸಿಗೆ ಬಂತು, ನುಂಗಿಕೊಂಡೆ.

ಮಾವನವರಿಗೂ ಅತ್ತೆಗೂ ನಮಸ್ಕಾರ ತಿಳಿಸು. ಒದೆಯುವ ಮಹಾಶಯರಿಗೆ ಅಥವಾ ಮಹಾರಾಣಿಗೆ ಅಪ್ಪನ ಮುತ್ತು.

ನಿನ್ನ
ಜೀವನ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಪಾಠ ಡಿಸೆಂಬರಿಗೆ ಶುರು. ಕಲಿಸುವವರ ಹೆಸರಿಲ್ಲದೆ ಕಂಪ್ಯೂಟರಿನ ಆ ಪುಟ ಮುಗಿಯುವುದಿಲ್ಲ. ಎಲ್ಲರೂ ನನ್ನ ಹೆಸರು ಹೇಳಿದರು, ಬೇಡವೆಂದೆ. ನೀನು ಬರುವುದಾದರೆ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳುತ್ತೇವೆಂದು ರಾಮಸಾಮಿಯವರು ಮಾತು ಕೊಟ್ಟಿದ್ದಾರೆ. ಆಗ ಮಗುವಿಗೆ ನಾಲ್ಕು ತಿಂಗಳು, ಗೊತ್ತು. ನನ್ನ ತರಗತಿಗಳನ್ನೆಲ್ಲ ಮಧ್ಯಾಹ್ನಕ್ಕೆ ಕೇಳಿಕೊಂಡಿದ್ದೇನೆ, ಬೆಳಿಗ್ಗೆ ಮಗು ನನ್ನದು. ಆಗದಿದ್ದರೆ ಆಗದೆಂದು ಬರೆ, ಒಂದು ಚೂರೂ ಬೇಜಾರಿಲ್ಲ. ಮುಂದಿನ ಶನಿವಾರದವರೆಗೆ ಆ ಜಾಗ ಖಾಲಿ ಬಿಡಲು ಕಲೈಸೆಲ್ವಿ ಒಪ್ಪಿದ್ದಾರೆ. ನಿನ್ನ ಹೆಸರು ಹಾಕಲೇ?