ಯಾರೂ ಎಳೆದು ನೋಡದ ತಂತಿ

ಮಿಡಲ್‌ಬರಿ, ಇಂಡಿಯಾನಾ
೨೭ ಜುಲೈ ೨೦೨೩

ಪ್ರೀತಿಯ ಲೋರೆನ್,

ಈ ತಿಂಗಳ ಎಂಟನೇ ತಾರೀಕು ನಿಮ್ಮ ಕಾರ್ಖಾನೆಯ ಟ್ರೇಲರ್, ಆ ಗಾಲಿಯ ಮೇಲಿನ ಮನೆ, ನಿನ್ನ ಭಾವ ಮರ್ಲ್ ಅವರ ಇನ್ಸುಲಿನ್ನನ್ನು ಬೇಯಿಸಿಹಾಕಿತು. ಹದಿಮೂರರಂದು ಅವರು ಮಿಶಿಗನ್ನಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ನೀನು ಮೂರು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಕ್ಷಮಿಸು. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು.

ಮರ್ಲ್ ಈಗ ಮನೆಯಲ್ಲಿದ್ದಾರೆ. ವರಾಂಡದಲ್ಲಿ ಕೂತು ಸೂಪು ಕುಡಿಯುತ್ತಾರೆ, ಅಕ್ಕಪಕ್ಕದವರ ಹತ್ತಿರ ಮಳೆಯ ಸುದ್ದಿ ಮಾತಾಡುತ್ತಾರೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಎಷ್ಟು ಸರಿಹೋಗುತ್ತದೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ನಡೆದದ್ದು ಇಷ್ಟು. ಸರೋವರದ ದಡದ ಕ್ಯಾಂಪಿನಲ್ಲಿ ಟ್ರೇಲರ್ ನಿಲ್ಲಿಸಿ, ಕಂಬದ ಕರೆಂಟಿಗೆ ವಯರು ಸಿಕ್ಕಿಸಿ, ಬೀಗ ಹಾಕಿ ಮರ್ಲ್ ಅವರ ತಂಗಿಯ ಮನೆಗೆ ಎರಡು ದಿನಕ್ಕೆ ಹೋದೆವು. ಕನ್ವರ್ಟರು ಆ ಕರೆಂಟನ್ನು ಇಳಿಸಿ ಬ್ಯಾಟರಿ ತುಂಬಿಸುತ್ತದೆ, ಫ್ರಿಜ್ ನಡೆಯುತ್ತಲೇ ಇರುತ್ತದೆ, ನಿಶ್ಚಿಂತೆಯಿಂದಿರಿ ಎಂದು ನಿಮ್ಮ ಕೈಪಿಡಿಯಲ್ಲಿ ಬರೆದಿದೆ. ಮೂವತ್ತು ವರ್ಷ ಲೈಬ್ರರಿ ನಡೆಸಿದವಳು ನಾನು. ಕೈಪಿಡಿಯನ್ನೂ ಕೊನೆಯ ಪುಟದವರೆಗೆ ಓದಿ ನಂಬಿದೆ. ತಿರುಗಿ ಬಂದು ಬಾಗಿಲು ತೆರೆದರೆ ಒಳಗೆ ಒಲೆಯ ಕಾವು. ಫ್ರಿಜ್ಜಿನಲ್ಲಿ ಹಾಲು ಒಡೆದು ನಾರುತ್ತಿತ್ತು. ಅದರ ಪಕ್ಕದಲ್ಲೇ ಔಷಧಿ.

“ಹಾಲಲ್ವಲ್ಲ ವರ್ನಾ, ಔಷಧಿ ತಾನೇ. ಸ್ವಲ್ಪ ಬೆಚ್ಚಗಾದ್ರೆ ಏನು ಮಹಾ?” ಎಂದರು ಮರ್ಲ್. ಹಳೆಯ ಮೊಳೆಯನ್ನೂ ನೆಟ್ಟಗೆ ಮಾಡಿ ಎತ್ತಿಡುವ ಮನುಷ್ಯ, ಮೂರು ತಿಂಗಳಿಗೆ ತಂದದ್ದನ್ನು ಎಸೆಯುವುದುಂಟೆ? ಕೆಟ್ಟುಹೋದ ಅದನ್ನೇ ದಿನವೂ ಚುಚ್ಚಿಕೊಂಡರು, ನಾನೂ ತಡೆಯಲಿಲ್ಲ. ಅದು ನನ್ನ ಪಾಲಿನ ತಪ್ಪು. ಉಳಿದದ್ದನ್ನು ಹೊರಲಾರೆ.

ಕ್ಯಾಂಪಿನ ರಿಪೇರಿಯವನು ಕನ್ವರ್ಟರಿನ ಮುಚ್ಚಳ ತೆಗೆದು ನನ್ನನ್ನು ಕರೆದ. “ಇಲ್ನೋಡಿ ಅಮ್ಮಾ. ಸ್ಕ್ರೂ ಬಿಗಿನೇ ಮಾಡಿಲ್ಲ. ತಂತಿ ಸುಮ್ನೆ ತಾಗ್ಕೊಂಡಿತ್ತು. ದಾರೀಲಿ ಅಲ್ಲಾಡಿ ಅಲ್ಲಾಡಿ ಸುಟ್ಟು ಕಳಚ್ಕೊಂಡಿದೆ. ಹೊಸ ಬ್ಯಾಟರಿ, ಹೊಸ ಫ್ರಿಜ್ಜು, ಎಲ್ಲ ಇದೆ. ಅರ್ಧ ಸುತ್ತು ತಿರುಗಿಸೋಕೆ ಯಾರಿಗೂ ಪುರುಸೊತ್ತಿಲ್ಲ.” ಸಿಂಕಿನ ಕೆಳಗೆ ಗೋಡೆಯ ಹಲಗೆಯ ಪಿನ್ನು ಇನ್ನೊಂದು ವಯರಿನ ಮೈಯೊಳಗೇ ಹೊಕ್ಕಿತ್ತು. ಮೂಲೆಯಲ್ಲಿ ಮರದ ಹೊಟ್ಟು, ಯಾರೋ ತಿಂದು ಬಿಸಾಕಿದ ಸೇಬಿನ ದಿಂಡು. “ಎಲ್ಲಿ ಮಾಡಿದ ಗಾಡಿ ಇದು?” ಎಂದ. “ನಮ್ಮೂರಲ್ಲೇ” ಎಂದೆ. ಐವತ್ತು ವರ್ಷ ಹೆಮ್ಮೆಯಿಂದ ಹೇಳಿದ ಮಾತು, ಅಂದು ಹೇಸಿಗೆಯಾಯಿತು.

ಕಳೆದ ಕ್ರಿಸ್ಮಸ್ಸಿನ ಊಟ ನೆನಪಿದೆಯೇ? “ಅಕ್ಕಾ, ದಿನಕ್ಕೆ ಹದಿನಾಲ್ಕು ಟ್ರೇಲರ್ ಆಚೆ ಹೋದ್ರೆ ಆಯ್ತು, ಗಂಟೆ ಎಷ್ಟಾದ್ರೂ ಮನೆಗೆ ಹೋಗ್ಬೋದು. ನಮ್ಮವರು ಹನ್ನೆರಡಕ್ಕೆಲ್ಲ ಮೀನು ಹಿಡಿಯೋಕೆ ಕೂತಿರ್ತಾರೆ” ಎಂದು ನೀನು ನಕ್ಕೆ. ಅಪ್ಪ ಕುಂಬಳದ ಪೈ ತಿನ್ನುವುದನ್ನು ನಿಲ್ಲಿಸಿ, “ತಂತಿ ಎಳೆದು ನೋಡೋರು ಯಾರಮ್ಮಾ?” ಎಂದರು. “ಅಪ್ಪಾ, ಆ ಕಾಲ ಹೋಯ್ತು. ಈಗ ಅದಕ್ಕೆ ಚೀಟಿ ಇದೆ. ಪರೀಕ್ಷೆ ಮಾಡಿ ನಾನೇ ಸಹಿ ಹಾಕ್ತೀನಿ” ಎಂದೆ ನೀನು.

ಅಪ್ಪ ಅದೇ ಕಾರ್ಖಾನೆಯಲ್ಲಿ ಪ್ರತಿಯೊಂದು ತಂತಿಯನ್ನೂ ಬಿಗಿ ಮಾಡಿದ ಮೇಲೆ ಎರಡು ಸಲ ಎಳೆಯುತ್ತಿದ್ದರು. ೧೯೭೪ರಲ್ಲಿ ಕೆಂಟಕಿಯ ಒಂದು ಸಂಸಾರದ ಟ್ರೇಲರಿನಲ್ಲಿ ದೀಪ ಮಿಣುಕುತ್ತಿದೆ ಎಂದು ಕಾಗದ ಬಂದಾಗ, ತಮ್ಮದೇ ಸ್ಕ್ರೂಡ್ರೈವರ್ ಹಿಡಿದು, ಚರ್ಚಿನಿಂದ ನೇರವಾಗಿ ಅಲ್ಲಿಗೆ ಹೋದರು. ನೀನು ಪಕ್ಕದ ಸೀಟಿನಲ್ಲಿದ್ದೆ. ನಿನಗೆ ಏಳು ವರ್ಷ.

ದೇವರು ನಿನ್ನ ಮನೆಯವರನ್ನು ಚೆನ್ನಾಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಕ್ಕ,
ವರ್ನಾ

ಮರೆತಿದ್ದಲ್ಲ, ಕೊನೆಗೆ ಬರೆಯಲೆಂದೇ ಉಳಿಸಿಕೊಂಡದ್ದು: ಆ ಮುಚ್ಚಳದ ಒಳಗೆ ನಿಮ್ಮ ಚೀಟಿ ಅಂಟಿಸಿತ್ತು. ‘ಎಲ್ಲ ತಂತಿಗಳನ್ನೂ ಎಳೆದು ಪರೀಕ್ಷಿಸಲಾಗಿದೆ.’ ಕೆಳಗೆ ನಿನ್ನ ಸಹಿ. ಅದರ ಮೇಲೆ ಬೇರೆ ಯಾರದೋ ಕೈಬರಹದಲ್ಲಿ ದಿನಾಂಕ, ಈ ವರ್ಷದ ಮಾರ್ಚ್ ಹದಿನಾಲ್ಕು. ಅಂದು ಅಪ್ಪನನ್ನು ಮಣ್ಣು ಮಾಡಿದೆವು, ಲೋರೆನ್. ಬೆಳಗಿನಿಂದ ಕತ್ತಲಾಗುವವರೆಗೆ ನೀನು ನನ್ನ ಪಕ್ಕದಲ್ಲೇ ಇದ್ದೆ, ನನ್ನ ಕೈ ಹಿಡಿದುಕೊಂಡಿದ್ದೆ. ಹಾಗಾದರೆ ಖಾಲಿ ಚೀಟಿಗಳಿಗೆ ಮೊದಲೇ ಸಹಿ ಹಾಕಿ ಕಟ್ಟು ಕಟ್ಟಿ ಕೊಟ್ಟು ಬಂದಿದ್ದೆ. ಆಗಸ್ಟ್ ಹತ್ತೊಂಬತ್ತರಂದು ನಿಮ್ಮ ಟ್ರೇಲರ್ ಕೊಂಡವರೆಲ್ಲ ಗೋಷೆನ್ನಿನ ಮೈದಾನದಲ್ಲಿ ಸೇರುತ್ತಾರೆ. ವೇದಿಕೆಯ ಮೇಲೆ ಕಾರ್ಖಾನೆಯ ಪರವಾಗಿ ನೀನಿರುತ್ತೀಯ. ಮರ್ಲ್ ಅವರನ್ನು ಕರೆದುಕೊಂಡು ಮೊದಲ ಸಾಲಿನಲ್ಲಿ ಕೂರುತ್ತೇನೆ. ಅಂಥ ಚೀಟಿ ಇನ್ನೆಷ್ಟು ಗಾಡಿಗಳಲ್ಲಿದೆ, ಯಾವ ಯಾವ ಗಾಡಿಗಳಲ್ಲಿದೆ ಎಂದು ಅಲ್ಲಿ, ಅವರೆಲ್ಲರೆದುರು, ಮೈಕಿನಲ್ಲಿ ಹೇಳು.