ಸರಿತಾಳ ಹೆಸರಿದ್ದ ಜಾಗ

ಹೊಸೂರು
12-8-2008

ಪ್ರೀತಿಯ ಸರಿತಾ,

ಕಾಲಿನ ಊತ ಇಳಿದಿದೆಯೇ? ನಿದ್ದೆ ಬರುತ್ತಿದೆಯೇ? ನಿಮ್ಮಮ್ಮ ಮಾಡಿಕೊಡುವ ಸೊಪ್ಪಿನ ಸಾರನ್ನು ಮುಖ ಸಿಂಡರಿಸದೆ ಉಣ್ಣು. ನಾನು ಆರೋಗ್ಯವಾಗಿದ್ದೇನೆ. ಆದರೆ ಫೋನಿನಲ್ಲಿ ಹೇಳಲು ನಾಲಿಗೆ ಏಳದ ಮಾತೊಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಹೂವಿನ ವೆಬ್‌ಸೈಟಿನಲ್ಲಿ ಫೋನ್ ನಂಬರ್ ಬದಲಾಯಿಸಿ ಎಂದು ತವರಿಗೆ ಹೊರಡುವಾಗ ಪಾಸ್‌ವರ್ಡ್ ಕೊಟ್ಟು ಹೋಗಿದ್ದೆಯಲ್ಲ. ಕಳೆದ ವಾರ ಶಿಫ್ಟ್ ಮುಗಿಸಿ ಬ್ರೌಸಿಂಗ್ ಸೆಂಟರಿಗೆ ಹೋದೆ. ಜೊತೆಗೆ ನಮ್ಮ ಫ್ಯಾಕ್ಟರಿಯ ಅನಿರುದ್ಧನೂ ಬಂದಿದ್ದ. ನೀನು ಹೇಳಿಕೊಟ್ಟಂತೆ ಸೈಟು ತಿದ್ದುವ ಕಂಟ್ರೋಲ್ ಪ್ಯಾನೆಲ್ ತೆರೆದು, ಫೈಲುಗಳಿರುವ ಕಡೆ ಹೋದೆ. ನೀನು ಕಟ್ಟಿದ ಮೊಗ್ಗಿನ ಜಡೆ, ಗುಲಾಬಿ ಹಾರಗಳ ಚಿತ್ರ ನೋಡಿ ಅವನು ಬೆರಗಾದ. "ಇದೆಲ್ಲಾ ನಿಂದೇನ್ಲಾ?" ಎಂದ. "ಹೂಂ ಕಣ್ಲಾ, ನಾನೇ ಮಾಡ್ದೆ" ಎಂದುಬಿಟ್ಟೆ. ನಾಳೆ ಫ್ಯಾಕ್ಟರಿಯವರಿಗೆಲ್ಲ ತೋರಿಸುತ್ತೇನೆ ಎಂದು ಹೇಳಿ ಅವನು ಹೊರಟ. ಅವರು ನೋಡುವ ಮೊದಲೇ ನಿನ್ನ ಹೆಸರು ಅಳಿಸಿ ನನ್ನದನ್ನು ಬರೆದೆ. ನಿನ್ನ ಫೋಟೋ ತೆಗೆದು ನನ್ನ ಫೋಟೋ ಹಾಕಿದೆ.

ಮೊನ್ನೆ ಭಾನುವಾರ ಬಾಗಲೂರಿನ ಲಕ್ಷ್ಮೀದೇವಮ್ಮ ಮನೆಗೆ ಬಂದರು. ಅವರ ಹಿರಿಮಗಳ ಮದುವೆಗೆ ನೀನು ಜಡೆ ಕಟ್ಟಿಕೊಟ್ಟಿದ್ದೆಯಲ್ಲ, ಅವರೇ. ಕಿರಿಮಗಳಿಗೂ ನಿನ್ನ ಕೈಯದೇ ಬೇಕಂತೆ. ಆ ಹುಡುಗಿಯೇ ಕಂಪ್ಯೂಟರಿನಲ್ಲಿ ನಿನ್ನ ಪುಟ ತೆಗೆದು ತೋರಿಸಿದ್ದಳಂತೆ. ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿ, "ಬಸುರಿ ಅಂತ ಕೇಳಿದ್ದೆ ಕಣಪ್ಪಾ. ಈಗ ನೋಡುದ್ರೆ ಅವಳ ಹೆಸ್ರೂ ಇಲ್ಲ, ಫೋಟೋನೂ ಇಲ್ಲ. ಹೆರಿಗೇಲಿ ಹೋಗ್ಬುಟ್ಳಾ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

"ಇಲ್ಲಮ್ಮಾ, ಗುಮ್ಮಳಾಪುರದಾಗೆ ಅವ್ರಮ್ಮನ ಮನೇಲಿ ಚೆನ್ನಾಗವ್ಳೆ" ಎಂದು ಅವರನ್ನು ಒಳಗೆ ಕರೆದು ಕೂರಿಸಿದೆ. ಅವರು ಹೋದ ಕೂಡಲೇ ಸೆಂಟರಿಗೆ ಓಡಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಳೆಯ ಪ್ರತಿ ಉಳಿದಿತ್ತು, ಅದನ್ನು ವಾಪಸ್ ತಂದೆ. ಫೋನ್ ನಂಬರನ್ನು ಮಾತ್ರ ಬದಲಾಯಿಸಿದೆ. ನೀನು ಹೇಳಿದ್ದೂ ಅಷ್ಟೇ ತಾನೇ. ಪರದೆಯ ಮೇಲೆ ನಿನ್ನ ಮುಖ ಮೂಡಿದಾಗ ನೆಟ್ಟಗೆ ನೋಡಲಾಗಲಿಲ್ಲ. ನಿನ್ನೆ ಊಟದ ಹೊತ್ತಿನಲ್ಲಿ ಎಲ್ಲರೆದುರು ಅನಿರುದ್ಧನಿಗೆ ನಿಜ ಹೇಳಿದೆ. ಅವನು ನಗಲಿಲ್ಲ. ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನೀನೂ, ಒಳಗಿರುವ ಕಂದನೂ ಸುಖವಾಗಿರಿ.

ನಿನ್ನ
ಮುನೀಶ್

ತಾ.ಕ.: ಲಕ್ಷ್ಮೀದೇವಮ್ಮನಿಗೆ ಇನ್ನೂ ನಿಜ ಹೇಳಿಲ್ಲ. ಕಂಪ್ಯೂಟರಿನ ತಪ್ಪು ಎಂದುಬಿಟ್ಟೆ. ನಿನ್ನನ್ನು ಕಣ್ಣಾರೆ ಕಾಣುವವರೆಗೆ ಅವರಿಗೆ ಸಮಾಧಾನವಿಲ್ಲವಂತೆ. ಈ ಭಾನುವಾರ ನಿನಗೆ ಮಡಿಲು ತುಂಬಲು ಬರುತ್ತಾರೆ. ಅದೇ ಬಸ್ಸಿಗೆ ನಾನೂ ಬರುತ್ತೇನೆ. ನಿನ್ನೆದುರೇ ಅವರಿಗೆ ಹೇಳಬೇಕು. ನಾನು ಮಾತು ಮರೆಸಲು ನೋಡಿದರೆ ಬಿಡಬೇಡ.